ಹೊಗೆಯಾಡುವ ಬ್ಯಾಟರಿಗೆ ನೀರು ಹಾಕಬಹುದೇ?

ಹಾಸನದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಮಗಳ ಮನೆಗೆಂದು ವಿಮಾನ ಹತ್ತಿದ್ದೆವು. ಮೇಲಿಟ್ಟ ಚೀಲದಿಂದ ಪವರ್ ಬ್ಯಾಂಕ್ ತೆಗೆದು ಹತ್ತಿರ ಇಟ್ಟುಕೊಳ್ಳಿ ಎಂದರು ಗಗನಸಖಿ. ಬೆಂಕಿ ಹತ್ತಿದರೆ ನೀರು ಹಾಕುತ್ತಾರಂತೆ! ಕರೆಂಟಿನ ಸಾಮಾನಿಗೆ ನೀರು ಹಾಕಬಾರದು ಅಂತ ಮಕ್ಕಳಿಗೆ ಪಾಠ ಮಾಡಿದವನು ನಾನು. ಲಿಥಿಯಂ ನೀರಿಗೆ ಬಿದ್ದರೆ ಇನ್ನೂ ಅಪಾಯ ಅಲ್ವಾ? ನನ್ನದು 20,000 ಎಂಎಎಚ್ ಪವರ್ ಬ್ಯಾಂಕ್, ಈಚೆಗೆ ಸ್ವಲ್ಪ ಉಬ್ಬಿದೆ. ಮುಂದಿನ ಸಲ ಒಯ್ಯಬಹುದೇ?"

ಮೇಷ್ಟ್ರೇ, ನಿಮ್ಮ ಪಾಠವೂ ಸರಿ, ಆ ಗಗನಸಖಿ ಹೇಳಿದ್ದೂ ಸರಿ.

ನೀವು ಕಲಿಸಿದ್ದು ಗೋಡೆಯ ಸಾಕೆಟ್ಟಿನ ವಿಚಾರ. ಅಲ್ಲಿರುವುದು 230 ವೋಲ್ಟ್. ಫೋನಿನ ಬ್ಯಾಟರಿಯಲ್ಲಿರುವುದು 4 ವೋಲ್ಟಿನ ಆಸುಪಾಸು, ಚಾರ್ಜರ್ ಕಿತ್ತರೆ ಶಾಕಿನ ಭಯವಿಲ್ಲ. ಲಿಥಿಯಂ ಲೋಹ ನೀರು ಕಂಡರೆ ಬುಸುಗುಟ್ಟುತ್ತದೆ, ನಿಜ. ಆದರೆ ಈ ಬ್ಯಾಟರಿಗಳಲ್ಲಿ ಲಿಥಿಯಂ ಬಿಡಿ ಲೋಹವಾಗಿರದೆ ಬೇರೆ ವಸ್ತುಗಳ ಜೊತೆ ಸೇರಿಕೊಂಡಿರುತ್ತದೆ. ಧಗಧಗ ಉರಿಯುವುದು ಒಳಗಿನ ದ್ರವ.

ನಿಜವಾದ ಶತ್ರು ಬಿಸಿ. ಲ್ಯಾಪ್‌ಟಾಪ್ ಬ್ಯಾಟರಿಯೊಳಗೆ ಹಲವು ಸೆಲ್‌ಗಳು ಮೈಗೆ ಮೈ ತಾಗಿಸಿಕೊಂಡಿರುತ್ತವೆ. ಒಂದು ಕೆಟ್ಟು ಕಾದರೆ ಆ ಕಾವಿಗೇ ಇನ್ನಷ್ಟು ಕಾವು ಹುಟ್ಟುತ್ತದೆ, ಪಕ್ಕದ್ದಕ್ಕೂ ಹಬ್ಬುತ್ತದೆ. ವಿಮಾನದಲ್ಲಿರುವ, ಬೆಂಕಿ ಆರಿಸುವ ಹ್ಯಾಲಾನ್ ಅನಿಲದ ಸಿಲಿಂಡರ್ ಜ್ವಾಲೆಯನ್ನು ಆರಿಸುತ್ತದೆ, ಬ್ಯಾಟರಿಯನ್ನು ತಣ್ಣಗೆ ಮಾಡುವುದಿಲ್ಲ. ಬೂದಿ ಮುಚ್ಚಿದ ಕೆಂಡ ನೋಡಿ, ಹಾಗೆ. ಅದಕ್ಕೇ ಸಿಲಿಂಡರ್ ಹೊಡೆದ ಮೇಲೆ ನೀರು ಸುರಿಯಬೇಕು, ಸುರಿಯುತ್ತಲೇ ಇರಬೇಕು. ನೀರು ಸಾಲದಿದ್ದರೆ ಸಿಬ್ಬಂದಿ ತಳ್ಳಿಕೊಂಡು ಬರುವ ತಿಂಡಿ ಗಾಡಿಯಲ್ಲಿರುವ ಜ್ಯೂಸು, ಸೋಡಾ ಕೂಡ ಆದೀತು, ಮದ್ಯ ಮಾತ್ರ ಬೇಡ. ಐಸ್ ಹಾಕಬಾರದು, ಕಂಬಳಿ ಹೊದಿಸಬಾರದು. ತಣ್ಣಗಿರುವ ಐಸ್ ಯಾಕೆ ಬೇಡ ಅಂತ ನನಗೂ ಮೊದಲು ಅನಿಸಿತ್ತು. ಅದು ಮೇಲೆ ಕವಚದಂತೆ ಕೂತು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

2016ರ ಸೆಪ್ಟೆಂಬರ್ 23ರಂದು ಸಿಂಗಾಪುರದಿಂದ ಚೆನ್ನೈಗೆ ಬರುತ್ತಿದ್ದ ಇಂಡಿಗೊ ವಿಮಾನದಲ್ಲಿ ಇದೇ ಆಯಿತು. ಪ್ರಯಾಣಿಕರಿಗೆ ಹೊಗೆ ವಾಸನೆ ಬಡಿಯಿತು. ಸಿಬ್ಬಂದಿ ಅವರನ್ನು ಬೇರೆ ಸೀಟಿಗೆ ಕಳಿಸಿ ಮೇಲಿನ ಲಗೇಜ್ ಪೆಟ್ಟಿಗೆ ನೋಡಿದರೆ, ಚೀಲದೊಳಗೆ ಸ್ಯಾಮ್‌ಸಂಗ್ ನೋಟ್ 2 ಫೋನು ಕಿಡಿ ಕಾರುತ್ತಿತ್ತು. ಸಿಲಿಂಡರ್ ಹೊಡೆದರು. ಆಮೇಲೆ ಫೋನನ್ನು ಟಾಯ್ಲೆಟ್ಟಿಗೆ ಒಯ್ದು ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿದರು. ಎಲ್ಲರೂ ಕ್ಷೇಮವಾಗಿ ಇಳಿದರು. ಆ ಸಿಬ್ಬಂದಿಗೆ ನನ್ನ ದೊಡ್ಡ ನಮಸ್ಕಾರ.

ವಾಸನೆ ತಡವಾಗಿ ಬಂದಿದ್ದರೆ? 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನದಲ್ಲಿ ಬೆಂಕಿ ಶುರುವಾದದ್ದು ಮೇಲಿನ ಪೆಟ್ಟಿಗೆಯಿಂದ. ಒಳಗಿದ್ದ 176 ಜನರೂ ಬದುಕಿದರು, ವಿಮಾನದ ಛಾವಣಿ ಸುಟ್ಟುಹೋಯಿತು. ಪವರ್ ಬ್ಯಾಂಕೇ ಕಾರಣವಿರಬಹುದು ಎಂದರು ತನಿಖೆಯವರು. ವಿಮಾನ ನೆಲದ ಮೇಲಿತ್ತು, ಅದೇ ಪುಣ್ಯ. ಮೇಲಿಟ್ಟದ್ದು ಕಣ್ಣಿಗೆ ಬೀಳುವುದಿಲ್ಲ, ಕೈಗೂ ಬೇಗ ಸಿಗುವುದಿಲ್ಲ. ಚೆಕ್-ಇನ್ ಲಗೇಜಿನಲ್ಲಿ ಪವರ್ ಬ್ಯಾಂಕ್ ಬೇಡ ಅನ್ನುವುದೂ ಇದಕ್ಕೇ.

ಇನ್ನೊಂದು ಮಾತು. ಫೋನು ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಲೇಬೇಡಿ. ಸೀಟಿನ ಕಬ್ಬಿಣ ಅದನ್ನು ಜಜ್ಜಿದರೆ ಬೆಂಕಿ ಅಲ್ಲೇ ಹುಟ್ಟುತ್ತದೆ. ಸುಮ್ನೆ ಎದ್ದು ನಿಂತು ಸಿಬ್ಬಂದಿಯನ್ನು ಕರೆಯಿರಿ. ಫೋನು ಕೈಯಲ್ಲೇ ಸುಡುವಷ್ಟು ಬಿಸಿಯಾದರೂ ಅಷ್ಟೇ. ಎಷ್ಟೋ ಜನ ಮುಜುಗರಪಟ್ಟು ಅದನ್ನು ಚೀಲದೊಳಗೆ ತುರುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಇನ್ನು ನಿಮ್ಮ ಪವರ್ ಬ್ಯಾಂಕ್. 20,000 ಎಂಎಎಚ್ ಅನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್. ವಿಮಾನದಲ್ಲಿ ಒಯ್ಯಲು ಮಿತಿ 100, ಲೆಕ್ಕದಲ್ಲಿ ಪಾಸು. ಆದರೆ ಉಬ್ಬಿದೆ ಅಂದಿರಲ್ಲ, ಅದು ಒಳಗೆ ಗ್ಯಾಸು ಕಟ್ಟಿಕೊಂಡಿರುವ ಗುರುತು. ನಮ್ಮ ಕಚೇರಿಯಲ್ಲೂ ಒಂದು ಹಳೇ ಫೋನು ಹೀಗೇ ಉಬ್ಬಿ, ಪರದೆಯ ಅಂಚಿನಲ್ಲಿ ಉಗುರು ತೂರುವಷ್ಟು ಸಂದಿ ಬಿಟ್ಟಿತ್ತು. ನಿಮ್ಮದನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಕಸದ ಗಾಡಿಗೂ ಹಾಕಬೇಡಿ. ಹಾಸಿಗೆ, ಪರದೆಯಿಂದ ದೂರ ಇಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಮುಂದಿನ ಸಲ ಮಗಳ ಮನೆಗೆ ಹೊಸದೊಂದನ್ನು ಒಯ್ಯಿರಿ, ಸೀಟಿನ ಹತ್ತಿರವೇ ಇಟ್ಟುಕೊಳ್ಳಿ.