ಮೊದಲು ಕಿಟಕಿಯ ಬೆಳಕು ಅಳೆಯಿರಿ, ಮಣ್ಣಿನ ಮಾತು ಆಮೇಲೆ

ಬಾಲ್ಕನಿ ಇಲ್ಲದ ಫ್ಲ್ಯಾಟ್, ದಕ್ಷಿಣಕ್ಕೊಂದು ಕಿಟಕಿ, ಹಾಲ್‌ನ ಶೆಲ್ಫ್ ಮೇಲೆ ಕೊತ್ತಂಬರಿ, ಪುದೀನ, ಟೊಮೆಟೊ, ದಪ್ಪ ಮೆಣಸಿನಕಾಯಿ. "ಯಾವ ಮಣ್ಣು, ಯಾವ ಗೊಬ್ಬರ ತರಲಿ?" ಎಂದು ಕೇಳಿದ್ದೀರಿ. ಬೆಂಗಳೂರಿನ ಮನೆಯಲ್ಲಿ ನಾನು ಶುರು ಮಾಡಿದ್ದೂ ಇದೇ ಪಟ್ಟಿಯಿಂದಲೇ. ಜೂನ್ ಮೊದಲ ವಾರ ಕೊತ್ತಂಬರಿ ಬಿತ್ತಿದೆ. ಹತ್ತನೇ ದಿನಕ್ಕೆ ಮೊಳಕೆ ಚೆನ್ನಾಗಿಯೇ ಎದ್ದಿತು. ಹದಿನೈದನೇ ದಿನಕ್ಕೆ ಕಾಂಡ ದಾರದಂತೆ ಬೆಳ್ಳಗೆ ಉದ್ದವಾಗಿ ಕಿಟಕಿ ಕಡೆ ಬಾಗಿತು. ಸೊರಗಿದೆ ಎಂದುಕೊಂಡು ಎರಡು ಹೊತ್ತು ನೀರು ಹಾಕಿದೆ. ಮೂರು ದಿನ ಬಿಟ್ಟು 19:19:19 ಗೊಬ್ಬರವನ್ನೂ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನದು) ನೀರಿಗೆ ಕಲಸಿ ಹಾಕಿದೆ. ಇಪ್ಪತ್ತೈದನೇ ದಿನಕ್ಕೆ ಕುಂಡದಲ್ಲಿ ಒಂದು ಸಸಿಯೂ ನೆಟ್ಟಗೆ ನಿಂತಿರಲಿಲ್ಲ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಮಾತ್ರ ಏಳುತ್ತಿದ್ದವು.

ತಪ್ಪು ಒಂದೇ. ಬೆಳಕಿನ ಕೊರತೆಯನ್ನು ನೀರು, ಗೊಬ್ಬರದಿಂದ ತುಂಬಲು ಹೋದದ್ದು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಮನೆಯೊಳಗೆ ಸತ್ತ ಗಿಡಗಳ ಕಥೆ ಕೇಳುತ್ತಾ ಹೋದರೆ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ.

ಗಿಡ ನೀರು ಕುಡಿಯುವ ವೇಗವನ್ನು ಬಹುಮಟ್ಟಿಗೆ ನಿರ್ಧರಿಸುವುದು ಬೆಳಕು. ಬಿಸಿಲಿದ್ದರೆ ಎಲೆಯ ರಂಧ್ರಗಳು ತೆರೆದು ನೀರು ಆವಿಯಾಗುತ್ತದೆ, ಬೇರು ಮತ್ತೆ ಎಳೆದುಕೊಳ್ಳುತ್ತದೆ, ಕುಂಡ ಎರಡು ದಿನದಲ್ಲಿ ಒಣಗುತ್ತದೆ. ಮಬ್ಬು ಬೆಳಕಿನಲ್ಲಿ ಅದೇ ಕುಂಡ ವಾರವಾದರೂ ಒದ್ದೆಯಾಗಿಯೇ ಇರುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲಿ ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಉಸಿರುಗಟ್ಟಿದ ಬೇರು ನೀರು ಎಳೆಯುವುದನ್ನು ನಿಲ್ಲಿಸುತ್ತದೆ. ಆಗ ಎಲೆ ಬಾಡುತ್ತದೆ. ನೋಡುವವರ ಕಣ್ಣಿಗೆ ಅದು ನೀರು ಸಾಲದೆ ಬಾಡಿದಂತೆಯೇ ಕಾಣುತ್ತದೆ, ಇನ್ನೊಂದು ಲೋಟ ಸುರಿಯುತ್ತಾರೆ. ಈ ಸ್ಥಿತಿಯಲ್ಲಿ ಪಿಥಿಯಮ್‌ನಂಥ ಬುಡಕೊಳೆ ರೋಗಾಣು ಸಸಿಯ ಬುಡವನ್ನು ಮಣ್ಣಿನ ಮಟ್ಟದಲ್ಲೇ ಮೆತ್ತಗೆ ಮಾಡಿ ಕೆಡವುತ್ತದೆ. ಗೊಬ್ಬರದ ಕಥೆಯೂ ಹೀಗೆಯೇ. ಬೆಳಕಿಲ್ಲದ ಎಲೆ ಸಕ್ಕರೆ ತಯಾರಿಸುವುದಿಲ್ಲ, ಸಕ್ಕರೆ ಇಲ್ಲದೆ ಸಾರಜನಕವನ್ನು ಮೈಗೂಡಿಸಿಕೊಳ್ಳಲು ಆಗುವುದಿಲ್ಲ. ಬಳಕೆಯಾಗದ ಲವಣ ಕುಂಡದಲ್ಲೇ ಉಳಿದು ಬೇರಿನ ತುದಿ ಸುಡುತ್ತದೆ. ಉದ್ದವಾಗಿ ಬಿಳಿಚಿಕೊಂಡ ಕಾಂಡ ಹಸಿವಿನ ಗುರುತಲ್ಲ. ಬೆಳಕು ಎಲ್ಲಿದೆ ಎಂದು ಹುಡುಕುತ್ತಾ ಗಿಡ ತನ್ನಲ್ಲಿದ್ದುದನ್ನೆಲ್ಲ ಎತ್ತರಕ್ಕೇ ಸುರಿದಿರುತ್ತದೆ. ಹಾಗೆ ಎದ್ದ ಕೊತ್ತಂಬರಿಯನ್ನು ಆಮೇಲೆ ಬಿಸಿಲಿಗಿಟ್ಟರೂ ಕಾಂಡ ದಪ್ಪವಾಗುವುದಿಲ್ಲ. ಕಿತ್ತು ಹೊಸದಾಗಿ ಬಿತ್ತುವುದೇ ಸರಿ.

ಈಗ ನಿಮ್ಮ ದಕ್ಷಿಣದ ಕಿಟಕಿ. "ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿಯೇ ಶ್ರೇಷ್ಠ" ಎಂಬ ಮಾತು ಲಂಡನ್ನಿನಂಥ ಊರಿಗೆ ಸರಿ. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಇಲ್ಲಿ ಶೂನ್ಯ ನೆರಳಿನ ದಿನ ಬರುತ್ತದೆ, ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆ ಎರಡು ದಿನಗಳ ನಡುವೆ ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಹಾಗಾಗಿ ಜೂನ್ ತಿಂಗಳಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಮೇಲೆ ಒಂದೂವರೆ ಅಡಿಯ ಛಜ್ಜಾ ಇದ್ದರೆ ಮಾರ್ಚ್ ಕೊನೆಯ ಮಧ್ಯಾಹ್ನಕ್ಕೇ ಅದರ ನೆರಳು ಆರಡಿಗಿಂತ ಕೆಳಗೆ ಇಳಿದಿರುತ್ತದೆ, ಅಂದರೆ ಇಡೀ ಕಿಟಕಿ ನೆರಳಲ್ಲಿ. ಡಿಸೆಂಬರ್ ಮಧ್ಯಾಹ್ನ ಅದೇ ಛಜ್ಜಾದ ನೆರಳು ಎರಡಡಿಯಷ್ಟೇ, ಆದ್ದರಿಂದ ಕಿಟಕಿಯ ಕೆಳಭಾಗದ ಕಟ್ಟೆಗೆ ಒಳ್ಳೆಯ ಬಿಸಿಲು. ದಕ್ಷಿಣದ ಕಿಟಕಿ ನಮ್ಮಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಕಿಟಕಿ. ನಾನು ಬಿತ್ತಿದ್ದು ಜೂನ್‌ನಲ್ಲಿ. ವರ್ಷವಿಡೀ ನಂಬಬಹುದಾದದ್ದು ಪೂರ್ವದ ಕಿಟಕಿ. ಎದುರು ಕಟ್ಟಡ, ಮೋಡ ಅಡ್ಡವಿಲ್ಲದಿದ್ದರೆ ಬೆಳಗ್ಗೆ ಎರಡು ಮೂರು ಗಂಟೆ ಎಳೆಬಿಸಿಲು ಗ್ಯಾರಂಟಿ. ಅಡುಗೆಮನೆ ಪೂರ್ವಕ್ಕಿದ್ದರೆ ಹಾಲ್ ಬಿಟ್ಟು ಅಲ್ಲಿಯೇ ಶುರು ಮಾಡಿ.

ಬೆಳಕನ್ನು ಕಣ್ಣಳತೆಯಲ್ಲಿ ಅಂದಾಜಿಸಲು ಹೋಗಬೇಡಿ. ನಮ್ಮ ಕಣ್ಣು ಮಬ್ಬಿಗೆ ಎಷ್ಟು ಬೇಗ ಒಗ್ಗುತ್ತದೆಂದರೆ ನೂರು ಪಟ್ಟು ವ್ಯತ್ಯಾಸವೂ "ಸ್ವಲ್ಪ ಕಡಿಮೆ" ಎಂದು ಕಾಣುತ್ತದೆ. ಫೋನಿಗೆ ಲಕ್ಸ್ ಮೀಟರ್ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಕುಂಡ ಇಡುವ ಜಾಗದಲ್ಲೇ ಪರದೆ ಮೇಲ್ಮುಖವಾಗಿ ಫೋನ್ ಮಲಗಿಸಿ, ನಿಮ್ಮ ನೆರಳು ಬೀಳದಂತೆ ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಬರೆದಿಡಿ. ಬಯಲಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಕಿಟಕಿ ಕಟ್ಟೆಯ ಮೇಲೆ ನೇರ ಬಿಸಿಲಿಲ್ಲದಾಗ ಒಂದು ಸಾವಿರದಿಂದ ಐದು ಸಾವಿರ. ಕಿಟಕಿಯಿಂದ ಆರಡಿ ಒಳಗಿನ ಶೆಲ್ಫ್‌ನಲ್ಲಿ ಬಹಳವೆಂದರೆ ಕೆಲವು ನೂರು. ಸೊಳ್ಳೆ ಪರದೆಯ ಜಾಲರಿ, ಬಣ್ಣದ ಗಾಜು, ಧೂಳು ಒಂದೊಂದೂ ತಮ್ಮ ಪಾಲು ತಿನ್ನುತ್ತವೆ. ಗಾಜು ಒರೆಸುವುದೇ ಮೊದಲ ಗೊಬ್ಬರ ಎಂದರೂ ತಪ್ಪಿಲ್ಲ.

ಲಕ್ಸ್ ಅನ್ನು ಗಂಟೆಗಳಿಂದ ಗುಣಿಸಿ ದಿನದ ಮೊತ್ತ ಕಟ್ಟಿ. ಸೊಪ್ಪು ಸರಿಯಾಗಿ ಬರಲು ದಿನಕ್ಕೆ ಅಂದಾಜು ಒಂದೂವರೆ ಲಕ್ಷ ಲಕ್ಸ್-ಗಂಟೆ ಬೇಕು. ಪುದೀನ, ದೊಡ್ಡಪತ್ರೆ ಒಂದು ಲಕ್ಷದಲ್ಲಿ ಸುಧಾರಿಸಿಕೊಳ್ಳುತ್ತವೆ. ಟೊಮೆಟೊಗೆ ಕನಿಷ್ಠ ಮೂರು ಲಕ್ಷ. ಪೂರ್ವದ ಕಟ್ಟೆಯಲ್ಲಿ ಗಾಜು, ಜಾಲರಿ ದಾಟಿ ಬಂದ ಬಿಸಿಲು 30,000 ಲಕ್ಸ್‌ನಂತೆ ಮೂರು ಗಂಟೆ ಸಿಕ್ಕರೆ 90,000, ಉಳಿದ ಎಂಟು ಗಂಟೆ 2,000ದಂತೆ 16,000. ಒಟ್ಟು ಒಂದು ಲಕ್ಷದ ಮೇಲೆ. ನಿಮ್ಮ ಶೆಲ್ಫ್‌ನ ಲೆಕ್ಕ 300 ಲಕ್ಸ್‌ನಂತೆ 11 ಗಂಟೆಗೆ 3,300. ಈ ಕೊರತೆಯನ್ನು ಜಗತ್ತಿನ ಯಾವ ಗೊಬ್ಬರವೂ ತುಂಬುವುದಿಲ್ಲ.

ಆದ್ದರಿಂದ ಟೊಮೆಟೊ, ದಪ್ಪ ಮೆಣಸಿನಕಾಯಿ ಎರಡನ್ನೂ ಪಟ್ಟಿಯಿಂದ ತೆಗೆಯಿರಿ. ಕಾಯಿ ಕಟ್ಟುವ ಗಿಡಕ್ಕೆ ಸೊಪ್ಪಿನ ಎರಡರಷ್ಟು ಬೆಳಕು, ಹದಿನೈದು ಲೀಟರ್ ಕುಂಡ, ಹೂವಿನ ಪರಾಗ ಉದುರಿಸಲು ಗಾಳಿ ಬೇಕು. ಮನೆಯೊಳಗೆ ಎಲೆ ಬರುತ್ತದೆ, ಹೂ ಬಂದರೂ ಉದುರುತ್ತದೆ. ತಾರಸಿಯಲ್ಲಿ ಎರಡಡಿ ಜಾಗ ಕೇಳಿ ಪಡೆದರೆ ಟೊಮೆಟೊ ಅಲ್ಲಿ ಬೆಳೆಯಬಹುದು. ಕರಿಬೇವೂ ತಾರಸಿಯ ಗಿಡವೇ.

ಶೆಲ್ಫ್‌ನಲ್ಲೇ ಬೆಳೆಯಬೇಕೆಂಬ ಹಟವಿದ್ದರೆ ದೀಪ ಹಾಕಿ. ನೇರಳೆ ಬೆಳಕಿನ ವಿಶೇಷ ದೀಪದ ಅಗತ್ಯವಿಲ್ಲ. ಮನೆಗೆ ಹಾಕುವ ನಾಲ್ಕಡಿ, 20 ವ್ಯಾಟ್, 6500 ಕೆಲ್ವಿನ್ ಬಿಳಿ ಎಲ್‌ಇಡಿ ಟ್ಯೂಬ್ ಸಾಕು. ಒಂದರಿಂದ ಸುಮಾರು 2,000 ಲೂಮೆನ್ (ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ). ನಾಲ್ಕಡಿ ಉದ್ದ, ಒಂದಡಿ ಅಗಲದ ಹಲಗೆಯ ಮೇಲೆ ಎರಡು ಟ್ಯೂಬ್ ಕಟ್ಟಿದರೆ 7,000 ಲಕ್ಸ್ ಆಸುಪಾಸು ಸಿಗುತ್ತದೆ. ದಿನಕ್ಕೆ 14 ಗಂಟೆ ಉರಿಸಿದರೆ ಪುದೀನಕ್ಕೂ ಮೊಳಕೆ ಸೊಪ್ಪಿಗೂ ಸಾಲುತ್ತದೆ. ಕೊತ್ತಂಬರಿ, ಪಾಲಕ್ ಬೇಕಿದ್ದರೆ ನಾಲ್ಕು ಟ್ಯೂಬ್. ಎರಡಕ್ಕೆ ತಿಂಗಳಿಗೆ ಸುಮಾರು 17 ಯೂನಿಟ್, ನಾಲ್ಕಕ್ಕೆ 34. ಟ್ಯೂಬ್ ಎಲೆಯ ತುದಿಯಿಂದ 15–20 ಸೆಂ.ಮೀ. ಮೇಲಿರಬೇಕು. ಚಾವಣಿಯ ದೀಪ ಎಷ್ಟು ಪ್ರಖರವಾಗಿದ್ದರೂ ಗಿಡಕ್ಕೆ ಲೆಕ್ಕಕ್ಕಿಲ್ಲ, ಏಕೆಂದರೆ ದೂರ ಹೋದಂತೆ ಬೆಳಕು ಅಷ್ಟು ಬೇಗ ಚದುರುತ್ತದೆ. ಎತ್ತರ ಬದಲಿಸಲು ಸರಪಳಿ, ಹೊತ್ತಿಗೆ ಸರಿಯಾಗಿ ಆರಿಸಲು ಟೈಮರ್ ಸಾಕೆಟ್, ಹಿಂದೆ ಬಿಳಿ ಥರ್ಮಾಕೋಲ್ ಹಾಳೆ. ನೀರು ಹಾಕುವಾಗ ಸ್ವಿಚ್ ಆರಿಸಿರಲಿ.

ಮಣ್ಣಿನ ಬಗ್ಗೆ ಕೇಳಿದ್ದಿರಿ. ಬರೀ ಕೆಂಪುಮಣ್ಣು ಕುಂಡಕ್ಕೆ ಬೇಡ, ನಾಲ್ಕು ಸಲ ನೀರು ಬಿದ್ದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅಳತೆಯಲ್ಲಿ ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ತೊಳೆದ ದಪ್ಪ ಮರಳು. ಹತ್ತು ಲೀಟರ್ ಮಿಶ್ರಣಕ್ಕೆ ಒಂದು ಹಿಡಿ ಬೇವಿನ ಹಿಂಡಿ. 650 ಗ್ರಾಂ ಕೋಕೋಪೀಟ್ ಇಟ್ಟಿಗೆ ನೀರುಂಡು 8–9 ಲೀಟರ್ ಆಗುತ್ತದೆ. ಅದನ್ನು ಬಟ್ಟೆಯಲ್ಲಿ ಹಾಕಿ ಎರಡು ಮೂರು ನೀರಲ್ಲಿ ತೊಳೆದು ಹಿಂಡಿ. ತೆಂಗಿನ ನಾರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣ ಉಳಿದಿರುತ್ತದೆ, ತೊಳೆಯದಿದ್ದರೆ ಎಳೆ ಸಸಿಯ ಎಲೆಯಂಚು ಸುಡುತ್ತದೆ. ಅರೆಬೆಂದ ಸಗಣಿ ಗೊಬ್ಬರ ಮನೆಯೊಳಗೆ ತರಲೇಬೇಡಿ, ಅದರಿಂದಲೂ ನೊಣ ಬರುತ್ತದೆ.

ಕುಂಡದ ತಳಕ್ಕೆ ಜಲ್ಲಿ, ಒಡೆದ ಹೆಂಚು ತುಂಬುವ ಪದ್ಧತಿ ಬಿಡಿ. ನೀರು ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲ್ಭಾಗದಲ್ಲೇ ತಂಗುತ್ತದೆ. ಅಂದರೆ ಒದ್ದೆ ಪದರ ಬೇರಿನ ಕಡೆಗೆ ಇನ್ನಷ್ಟು ಮೇಲೇರುತ್ತದೆ. 15 ಸೆಂ.ಮೀ. ಆಳದ ಕುಂಡ, ತಳದಲ್ಲಿ ಬೆರಳು ಗಾತ್ರದ ನಾಲ್ಕೈದು ತೂತು, ಮೇಲೊಂದು ಜಾಲರಿ ತುಂಡು, ಅಷ್ಟೇ. ಮಣ್ಣಿನೊಳಗೆ ಬೆರಳಿನ ಮೊದಲ ಗೆಣ್ಣಿನಷ್ಟು ಆಳ ಒಣಗಿದ ಮೇಲೆಯೇ ನೀರು. ತಳದಿಂದ ಹರಿಯುವಷ್ಟು ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ತಟ್ಟೆಯ ನೀರು ಚೆಲ್ಲಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಟ್ಟೆಗಳಲ್ಲೇ. ಎರಡು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ.

ನಿಮ್ಮ ಜಾಗದಲ್ಲಿ ನಾನು ಮೆಂತ್ಯದಿಂದ ಶುರು ಮಾಡುತ್ತಿದ್ದೆ. ಅಡುಗೆಮನೆಯ ಮೆಂತ್ಯವನ್ನೇ ರಾತ್ರಿ ನೆನೆಸಿ, 5 ಸೆಂ.ಮೀ. ಆಳದ ಟ್ರೇಯಲ್ಲಿ ಕಾಳಿಗೆ ಕಾಳು ತಾಗುವಷ್ಟು ಒತ್ತಾಗಿ ಹರಡಿ, ತೆಳ್ಳಗೆ ಕೋಕೋಪೀಟ್ ಉದುರಿಸಿ. ಎರಡು ಮೂರು ದಿನಕ್ಕೆ ಮೊಳಕೆ, ಎಂಟು ಹತ್ತು ದಿನಕ್ಕೆ ಕತ್ತರಿಸಿ ತಿನ್ನಬಹುದು. ಬೀಜದಲ್ಲಿರುವ ಆಹಾರದಿಂದಲೇ ಬೆಳೆಯುವುದರಿಂದ ಕಡಿಮೆ ಬೆಳಕಿಗೂ ನಡೆಯುತ್ತದೆ. ಕೃಷಿಗೆಂದು ಮಾರುವ, ಗುಲಾಬಿ ಬಣ್ಣದ ಔಷಧ ಲೇಪಿಸಿದ ಬೀಜ ಮಾತ್ರ ಇದಕ್ಕೆ ಬಳಸಬೇಡಿ, ಅದು ಶಿಲೀಂಧ್ರನಾಶಕ.

ಪುದೀನಕ್ಕೆ ಬೀಜ ಬೇಡ. ಸಂತೆಯ ಕಟ್ಟಿನಲ್ಲಿ ಗಟ್ಟಿ ಕಾಂಡ ಆರಿಸಿ, 10–12 ಸೆಂ.ಮೀ. ಉದ್ದದ ತುಂಡನ್ನು ಗೆಣ್ಣಿನ ತುಸು ಕೆಳಗೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು ಲೋಟದ ನೀರಿನಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ವಾರ, ಹತ್ತು ದಿನಕ್ಕೆ ಬೇರು ಬರುತ್ತದೆ. ಬೇರು ಎರಡು ಸೆಂ.ಮೀ. ಆದಾಗ ಅಗಲವಾದ ಕುಂಡಕ್ಕೆ ನೆಡಿ, ಅದು ಅಡ್ಡಡ್ಡ ಹಬ್ಬುವ ಗಿಡ. ದೊಡ್ಡಪತ್ರೆಯ ತುದಿಯನ್ನು ನೇರ ಮಣ್ಣಿಗೇ ಚುಚ್ಚಬಹುದು. ಅದರ ದಪ್ಪ ಎಲೆಯಲ್ಲಿ ನೀರಿರುತ್ತದೆ, ಹಾಗಾಗಿ ನೀರು ಮರೆತವರಿಗಿಂತ ಹೆಚ್ಚು ಹಾಕಿದವರ ಕೈಯಲ್ಲೇ ಸಾಯುತ್ತದೆ.

ಕೊತ್ತಂಬರಿ ಮೂರನೆಯದು. ಧನಿಯಾದ ಒಂದು ಕಾಯಿಯಲ್ಲಿ ಎರಡು ಬೀಜ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಒಂದು ಸೆಂ.ಮೀ. ಆಳಕ್ಕೆ, ಬೆಳೆಯುವ ಕುಂಡದಲ್ಲೇ ಬಿತ್ತಿ. ತಾಯಿಬೇರಿನ ಗಿಡವಾದ್ದರಿಂದ ಕಿತ್ತು ನೆಟ್ಟರೆ ಸೊರಗುತ್ತದೆ, ಬೇಗ ಹೂ ಬಿಡುತ್ತದೆ. ಅಂಗಡಿಯ ಧನಿಯಾ ಹಳತಾಗಿದ್ದರೆ ಮೊಳೆಯುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಅರ್ಕಾ ಇಶಾ ತಳಿ ಸಿಕ್ಕರೆ ಅದನ್ನೇ ತನ್ನಿ, ತಡವಾಗಿ ಹೂ ಬಿಡುವುದರಿಂದ ಹಲವು ಸಲ ಕೊಯ್ಯಬಹುದು. ನಿಮ್ಮ ದಕ್ಷಿಣದ ಕಟ್ಟೆಗೆ ಅಕ್ಟೋಬರ್‌ನಲ್ಲಿ ಬಿತ್ತಿ, ಚಳಿ ಮುಗಿಯುವವರೆಗೆ ಸೊಪ್ಪು ಸಿಗುತ್ತದೆ. ಅಲ್ಲಿಯವರೆಗೆ ದೀಪ, ಇಲ್ಲವೇ ಮೆಂತ್ಯ.

ಮಿಶ್ರಣದಲ್ಲಿ ಎರೆಗೊಬ್ಬರ ಇರುವುದರಿಂದ ಮೊದಲ ತಿಂಗಳು ಬೇರೇನೂ ಬೇಡ. ಆಮೇಲೆ 19:19:19 ಲೀಟರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ, ಅದೂ ಹೊಸ ಎಲೆ ಬಿಡುತ್ತಿರುವ ಗಿಡಕ್ಕೆ ಮಾತ್ರ. ಕಪ್ಪು ನೊಣ ಕಂಡರೆ ಮೇಲ್ಪದರ ಪೂರ್ತಿ ಒಣಗಲು ಬಿಡಿ, ಮರಿಹುಳುಗಳು ಬದುಕುವುದು ಆ ಒದ್ದೆ ಪದರದಲ್ಲೇ. ಹಳದಿ ಅಂಟುಕಾರ್ಡನ್ನು ಮಣ್ಣಿನ ಮಟ್ಟದಲ್ಲಿ ನಿಲ್ಲಿಸಿ, ಎತ್ತರದಲ್ಲಿ ತೂಗುಹಾಕಿದರೆ ಹೆಚ್ಚೇನೂ ಬೀಳುವುದಿಲ್ಲ. ಅವುಗಳ ಒಂದು ಸುತ್ತು ಮೂರು ನಾಲ್ಕು ವಾರ, ಆದ್ದರಿಂದ ಒಂದು ವಾರಕ್ಕೆ ನೊಣ ಕಡಿಮೆಯಾದವೆಂದು ಕಾರ್ಡ್ ತೆಗೆಯಬೇಡಿ.

ಮೂರು ಹೊತ್ತಿನ ಲಕ್ಸ್ ಅಂಕಿ, ಕಿಟಕಿಯ ದಿಕ್ಕು, ಛಜ್ಜಾ ಎಷ್ಟು ಅಡಿ ಎಂದು ಇಲ್ಲೇ ಕೆಳಗೆ ಬರೆಯಿರಿ. ಯಾವ ತಿಂಗಳಲ್ಲಿ ಯಾವ ಸೊಪ್ಪು ಎಂದು ಲೆಕ್ಕ ಹಾಕಿ ಹೇಳುತ್ತೇನೆ.