ಸೌರ ವಿದ್ಯುತ್ ಎಲ್ಲರಿಗೂ ಬೇಕು, ಸಬ್ಸಿಡಿಗೆ ಮಾತ್ರ ತಕರಾರು ಏಕೆ?

ಪ್ರಶ್ನೆ: ನಾವು ಬಾಡಿಗೆ ಮನೆಯಲ್ಲಿದ್ದೇವೆ. ತಾರಸಿಯ ಮೇಲೆ ಸೋಲಾರ್ ಹಾಕಿಸುವವರಿಗೆ ಸರ್ಕಾರ ಸಬ್ಸಿಡಿ ಕೊಡುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ. ಆದರೆ ನನ್ನ ಪತಿ, ‘ಸ್ವಂತ ಮನೆ ಇರುವವರ ತಾರಸಿಗೆ ನಮ್ಮ ತೆರಿಗೆ ಹಣ ಏಕೆ?’ ಎಂದು ಕೇಳುತ್ತಾರೆ. ಜನಾಭಿಪ್ರಾಯ ಯಾರ ಕಡೆಗಿದೆ? ನಮ್ಮಿಬ್ಬರಲ್ಲಿ ಯಾರದು ಸರಿ?

ಉತ್ತರ: ನೀವು ಸೌರ ವಿದ್ಯುತ್ತಿನ ಬಗ್ಗೆ ಯೋಚಿಸುತ್ತಿದ್ದೀರಿ, ನಿಮ್ಮ ಪತಿ ಅದರ ಖರ್ಚು ಯಾರ ಮೇಲೆ ಬೀಳುತ್ತದೆ ಎಂದು ಯೋಚಿಸುತ್ತಿದ್ದಾರೆ. ಜನಾಭಿಪ್ರಾಯವೂ ಹೀಗೆಯೇ ಎರಡು ಪದರಗಳಲ್ಲಿದೆ. ಸೌರಶಕ್ತಿ ಬೆಳೆಯಬೇಕೇ ಎಂದು ಕೇಳಿದರೆ ಬಹುಪಾಲು ಜನ ಹೌದೆನ್ನುತ್ತಾರೆ. ಅದಕ್ಕಾಗಿ ನಿಮ್ಮ ಬಿಲ್ಲಿಗೆ ಒಂದಿಷ್ಟು ಸೇರಿಸೋಣವೇ ಎಂದಾಗ ಅದೇ ಜನ ಹಿಂದೆಮುಂದೆ ನೋಡುತ್ತಾರೆ. ಇದನ್ನು ಬೂಟಾಟಿಕೆ ಎನ್ನಲು ನಾನು ಒಪ್ಪುವುದಿಲ್ಲ, ಏಕೆಂದರೆ ಎರಡೂ ಉತ್ತರಗಳ ಹಿಂದೆ ಗಟ್ಟಿಯಾದ ಕಾರಣಗಳಿವೆ.

ನಿಮ್ಮ ಪತಿಯ ಮಾತಿಗೆ ಅಮೆರಿಕದ ಅನುಭವವೇ ಸಾಕ್ಷಿ. ಅಲ್ಲಿ ಮನೆಯ ಸೋಲಾರ್ ವೆಚ್ಚದ ಒಂದು ಭಾಗವನ್ನು, ಬಹಳ ವರ್ಷಗಳ ಕಾಲ ಶೇ 30ರಷ್ಟನ್ನು, ಕಟ್ಟಬೇಕಾದ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳಲು ಅವಕಾಶವಿತ್ತು. ತೆರಿಗೆಯೇ ಕಟ್ಟಬೇಕಾಗಿಲ್ಲದಷ್ಟು ಕಡಿಮೆ ಆದಾಯದವರಿಗೆ ಕಳೆದುಕೊಳ್ಳಲು ಏನಿರುತ್ತದೆ? ಇಂಧನ ಸಂಬಂಧಿ ತೆರಿಗೆ ರಿಯಾಯಿತಿಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಸೆವೆರಿನ್ ಬೋರೆನ್‌ಸ್ಟೈನ್ ಮತ್ತು ಲ್ಯೂಕಸ್ ಡೇವಿಸ್, ಅದರಲ್ಲಿ ಸುಮಾರು ಶೇ 60 ಭಾಗ ಅತಿ ಹೆಚ್ಚು ಆದಾಯದ ಐದನೇ ಒಂದು ಭಾಗದ ಜನರಿಗೆ ಹೋಯಿತೆಂದೂ, ಕೆಳಗಿನ ಐದನೇ ಮೂರು ಭಾಗದವರಿಗೆಲ್ಲ ಸೇರಿ ಸಿಕ್ಕಿದ್ದು ಸುಮಾರು ಶೇ 10 ಮಾತ್ರವೆಂದೂ ತೋರಿಸಿದರು. ಮನೆ ಸೋಲಾರ್‌ಗಿದ್ದ ಆ ರಿಯಾಯಿತಿ 2025ರ ಕೊನೆಗೆ ನಿಂತುಹೋಯಿತು.

ಕಣ್ಣಿಗೆ ಕಾಣದ ಇನ್ನೊಂದು ನೆರವೂ ಇದೆ. ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋಗಿರುವ ಮನೆಯೊಂದನ್ನು ನೆನೆಸಿಕೊಳ್ಳಿ. ಒಳಗೆ ಫ್ರಿಡ್ಜ್ ಬಿಟ್ಟರೆ ಬೇರೇನೂ ಓಡುತ್ತಿಲ್ಲ; ಮೇಲೆ ಫಲಕಗಳು ಭರ್ತಿ ಬಿಸಿಲಿನಲ್ಲಿವೆ; ಬಳಸದೆ ಉಳಿದ ವಿದ್ಯುತ್ತು ಗ್ರಿಡ್‌ಗೆ ಹರಿದು ಮೀಟರಿನಲ್ಲಿ ಜಮೆಯಾಗುತ್ತದೆ. ಸಂಜೆ ದೀಪ, ವಾಷಿಂಗ್ ಮೆಷಿನ್ ಎಲ್ಲ ಒಟ್ಟಿಗೆ ಹತ್ತಿದಾಗ ಆ ಮನೆ ಗ್ರಿಡ್‌ನಿಂದ ಎಳೆದುಕೊಳ್ಳುತ್ತದೆ. ನೆಟ್ ಮೀಟರಿಂಗ್ ಪದ್ಧತಿಯಲ್ಲಿ ಮಧ್ಯಾಹ್ನದ ಯೂನಿಟ್ಟಿಗೆ ಸಂಜೆಯ ಯೂನಿಟ್ ಸಮ. ಆದರೆ ಸಂಜೆಯ ವಿದ್ಯುತ್ತು ದುಬಾರಿ, ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ಖರ್ಚಂತೂ ಕಡಿಮೆಯಾಗುವುದಿಲ್ಲ. ಸೋಲಾರ್ ಮನೆಯ ಬಿಲ್ ಸೊನ್ನೆಗೆ ಇಳಿದಾಗ ಆ ಖರ್ಚಿನ ಒಂದು ಪಾಲು ಉಳಿದವರ ಬಿಲ್ಲಿಗೆ ಜಾರುತ್ತದೆ. ಸೋಲಾರ್ ಮನೆಗಳು ಬೆರಳೆಣಿಕೆಯಷ್ಟಿದ್ದಾಗ ಇದು ಯಾರಿಗೂ ತಟ್ಟುವುದಿಲ್ಲ. ಬೀದಿಗೆ ಬೀದಿಯೇ ಹಾಕಿಸಿಕೊಂಡಾಗ ತಟ್ಟುತ್ತದೆ.

ಇನ್ನು ನಿಮ್ಮ ಪಕ್ಷ. ಜರ್ಮನಿ 2000ದಲ್ಲಿ ತಂದ ಕಾನೂನು, ಸೌರ ವಿದ್ಯುತ್ತಿಗೆ 20 ವರ್ಷಗಳ ನಿಗದಿತ ದರವನ್ನು ಖಾತ್ರಿಪಡಿಸಿ, ಅದರ ಹೆಚ್ಚುವರಿ ಖರ್ಚನ್ನು ಗ್ರಾಹಕರ ಬಿಲ್ಲಿನ ಮೇಲೆ ಹಾಕಿತು. 2017ರಲ್ಲಿ ಈ ಮೇಲ್ತೆರಿಗೆ ಯೂನಿಟ್ಟಿಗೆ 6.88 ಸೆಂಟ್ ತಲುಪಿತ್ತು. ಹೆಚ್ಚು ವಿದ್ಯುತ್ ಬಳಸುವ ಹಲವು ಕೈಗಾರಿಕೆಗಳಿಗೆ ವಿನಾಯಿತಿ ಸಿಕ್ಕಿದ್ದರಿಂದ ಮನೆಗಳ ಪಾಲು ಇನ್ನೂ ಭಾರವಾಯಿತು. ಸಿಟ್ಟು ಬಂದದ್ದು ಸಹಜ. 2022ರ ಜುಲೈನಲ್ಲಿ ಅದನ್ನು ಬಿಲ್ಲಿನಿಂದ ತೆಗೆದು ಖರ್ಚನ್ನು ಸರ್ಕಾರದ ಖಜಾನೆಗೆ ವರ್ಗಾಯಿಸಲಾಯಿತು. ಆದರೆ ಆ ಮನೆಗಳು ಕಟ್ಟಿದ ಹಣ ನೀರಿನಲ್ಲಿ ಹೋಗಲಿಲ್ಲ. ಅದು ಕಟ್ಟಿಕೊಟ್ಟ ಮಾರುಕಟ್ಟೆಯಿಂದ ಕಾರ್ಖಾನೆಗಳು ಬೆಳೆದವು, 2010ರ ನಂತರದ ಒಂದೇ ದಶಕದಲ್ಲಿ ಫಲಕಗಳ ಬೆಲೆ ಶೇ 90ರ ಆಸುಪಾಸು ಕುಸಿಯಿತು. ಇಂದು ಸಬ್ಸಿಡಿಯೇ ಇಲ್ಲದೆ ಸೋಲಾರ್ ಹಾಕಿಸುವವರೂ ಅವರ ಋಣದಲ್ಲಿದ್ದಾರೆ ಎಂಬುದನ್ನು ನಿಮ್ಮ ಪತಿಗೆ ಅಗತ್ಯವಾಗಿ ಹೇಳಿ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಸಬ್ಸಿಡಿ ಸರಿ, ಅದನ್ನು ಹಂಚುವ ರೀತಿ ಹಲವೆಡೆ ತಪ್ಪು. ತೆರಿಗೆಯಲ್ಲಿ ಕಳೆಯುವುದಕ್ಕಿಂತ ಕೊಳ್ಳುವಾಗಲೇ ಬೆಲೆ ಇಳಿಸುವುದು ಮೇಲು. ಆಸ್ಟ್ರೇಲಿಯಾ ಹೀಗೆ ಮಾಡಿತು. ರಿಯಾಯಿತಿ ವರ್ಷವರ್ಷವೂ ಸ್ವಲ್ಪ ಇಳಿದು 2030ಕ್ಕೆ ಮುಗಿಯುತ್ತದೆಂದು ಮೊದಲೇ ತಿಳಿಸಿತು. ಅಲ್ಲಿ ಈಗ ಸುಮಾರು ಮೂರರಲ್ಲಿ ಒಂದು ಮನೆಯ ಮೇಲೆ ಫಲಕಗಳಿವೆ. ಆದರೂ ನಿಮ್ಮಂತಹ ಬಾಡಿಗೆದಾರರು ಹೊರಗೇ ಉಳಿಯುತ್ತಾರೆ. ಹಲವರು ಸೇರಿ ಒಂದೇ ಘಟಕದಲ್ಲಿ ಪಾಲು ಪಡೆದು, ಅದರ ಉತ್ಪಾದನೆಯನ್ನು ತಮ್ಮ ತಮ್ಮ ಬಿಲ್ಲಿಗೆ ಜಮೆ ಮಾಡಿಸಿಕೊಳ್ಳುವ ಸಮುದಾಯ ಸೋಲಾರ್ ಯೋಜನೆಗಳಿಗೂ ಅಷ್ಟೇ ನೆರವು ಸಿಗಬೇಕೆಂದು ನೀವಿಬ್ಬರೂ ಒಟ್ಟಾಗಿ ಕೇಳಬಹುದು.

ಪ್ರಶ್ನೆ: ಸರ್ಕಾರ ಸೌಲಭ್ಯ ಕಡಿತಗೊಳಿಸಿದಾಗ ಮೊದಲೇ ಸೋಲಾರ್ ಹಾಕಿಸಿಕೊಂಡವರು ಪ್ರತಿಭಟಿಸುವುದು ನ್ಯಾಯವೇ?

ಉತ್ತರ: ಕಡಿತ ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ಮೊದಲು ನೋಡಿ. ಕ್ಯಾಲಿಫೋರ್ನಿಯಾ 2023ರ ಏಪ್ರಿಲ್‌ನಿಂದ ಗ್ರಿಡ್‌ಗೆ ಕೊಡುವ ವಿದ್ಯುತ್ತಿನ ದರವನ್ನು ತೀವ್ರವಾಗಿ ಇಳಿಸಿತು; ಆದರೆ ಹಳೆಯ ಗ್ರಾಹಕರಿಗೆ ಸಂಪರ್ಕ ಪಡೆದಂದಿನಿಂದ 20 ವರ್ಷಗಳವರೆಗೆ ಹಳೆಯ ನಿಯಮವನ್ನೇ ಉಳಿಸಿತು. ಸ್ಪೇನ್ ಹಾಗೆ ಮಾಡಲಿಲ್ಲ. 2007ರಲ್ಲಿ ಆಕರ್ಷಕ ದರದ ಭರವಸೆ ಕೊಟ್ಟು, 2010ರಿಂದ ಮುಂದೆ ಆಗಲೇ ಕಟ್ಟಿ ಮುಗಿಸಿದ್ದ ಘಟಕಗಳ ಆದಾಯಕ್ಕೂ ಕತ್ತರಿ ಹಾಕಿತು. ಸಾಲ ಮಾಡಿ ಹಣ ತೊಡಗಿಸಿದ್ದ ಸಣ್ಣ ಹೂಡಿಕೆದಾರರು ಕಂತು ಕಟ್ಟಲಾಗದೆ ಕಂಗೆಟ್ಟರು. ಅವರ ಪ್ರತಿಭಟನೆ ಪೂರ್ತಿ ನ್ಯಾಯವಾದದ್ದು. ಮುಂದೆ ಹಾಕಿಸುವವರಿಗೆ ದರ ಇಳಿದಾಗ ಹಳಬರಿಗೆ ದೂರಲು ಕಾರಣವಿಲ್ಲ. ಸಹಿ ಹಾಕಿದ ಒಪ್ಪಂದ ಬದಲಾದಾಗ ಖಂಡಿತ ಇದೆ.