ಹೊನಲು ಬೆಳಕಿನ ಕಬಡ್ಡಿಗೆ 70-300 ಜೂಮ್ ತಗೊಳ್ಳಬೇಡಿ

ಊರಿನ ಕ್ಲಬ್ಬಿನ ಕಬಡ್ಡಿ, ವಾಲಿಬಾಲ್ ಫೋಟೋ ತೆಗೆಯಬೇಕು, ಕೈಯಲ್ಲಿ 40 ಸಾವಿರ ಉಂಟು, ಹೊಸ ಕ್ಯಾಮೆರಾ ಬಾಡಿ ಜೊತೆ 70-300 ಎಂಎಂ ಜೂಮ್ ಲೆನ್ಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. 2017ರಲ್ಲಿ ನಾನು ಆ ಜೂಮನ್ನೇ ತಗೊಂಡೆ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಕ್ಯಾನನ್ 700ಡಿ ಕ್ಯಾಮೆರಾ ಮೊದಲೇ ಇತ್ತು. ಆ ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ 18 ಸಾವಿರ ಕೊಟ್ಟರು. ಮಂಗಳೂರಿನ ಅಂಗಡಿಯಲ್ಲಿ ಲೆನ್ಸ್ ಕೈಗಿಟ್ಟು, "ಇದರಲ್ಲಿ ಸ್ಟೆಬಿಲೈಸೇಶನ್ ಉಂಟು, ಶೇಕ್ ಆಗುವುದೇ ಇಲ್ಲ" ಅಂದರು. ಕ್ರಿಕೆಟ್ ಮೈದಾನದ ಅಂಚಿನಲ್ಲಿ ಕೂತವರ ಉದ್ದುದ್ದ ಲೆನ್ಸುಗಳನ್ನು ಟಿವಿಯಲ್ಲಿ ನೋಡಿ, ಆಟದ ಫೋಟೋ ಅಂದರೆ ಜೂಮ್ ಅಂತಲೇ ನಾನು ತಿಳಿದುಕೊಂಡಿದ್ದೆ. ಮರುಮಾತಿಲ್ಲದೆ ದುಡ್ಡು ಕೊಟ್ಟೆ.

ಮರುವಾರ ಕುಂಬಳೆ ಕಡೆ ಹೊನಲು ಬೆಳಕಿನ ಪಂದ್ಯಾಟ. ಸೆಮಿಫೈನಲಿನ ಕೊನೆಯ ರೈಡ್. ನಮ್ಮ ಹುಡುಗನ ಕಾಲು, ಸೊಂಟಕ್ಕೆ ಮೂವರು ಜೋತುಬಿದ್ದಿದ್ದರು. ಅವರನ್ನೂ ಎಳೆದುಕೊಂಡೇ ಬಂದು ಬೆರಳ ತುದಿಯಲ್ಲಿ ನಡುಗೆರೆ ಮುಟ್ಟಿದ. ಅಷ್ಟೂ ಹೊತ್ತು ನಾನು ಬಟನ್ ಒತ್ತಿ ಹಿಡಿದಿದ್ದೆ. ಹನ್ನೊಂದು ಫೋಟೋ. ಒಂದೂ ಬರಲಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದೆ. ಪಕ್ಕದಲ್ಲೇ ನಿಂತಿದ್ದ ಅಂಪೈರ್ ಪ್ಯಾಂಟಿನ ಇಸ್ತ್ರಿ ಗೆರೆ ಸ್ಪಷ್ಟ. ಮ್ಯಾಟಿನ ಜೋಡಣೆಯೂ ಸ್ಪಷ್ಟ. ಹುಡುಗನ ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಒಂದು ಕಂದು ಗೀಟು. ನನ್ನ ಕೈ ನಡುಗಿದ್ದರೆ ಅಂಪೈರೂ ಮಸುಕಾಗಬೇಕಿತ್ತು ಅಲ್ವಾ? ಅಲ್ಲಿ ನನಗೆ ವಿಷಯ ತಿಳಿಯಿತು. ಸ್ಟೆಬಿಲೈಸೇಶನ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅದು ತಡೆಯುವುದು ನಮ್ಮ ಕೈಯ ನಡುಕವನ್ನು. ಓಡುವವನನ್ನು ಹಿಡಿದು ನಿಲ್ಲಿಸುವುದು ಶಟರ್ ಸ್ಪೀಡ್, ಅಂದರೆ ಬೆಳಕು ಬೀಳಲು ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು. ಕಬಡ್ಡಿಗೆ ಕಡಿಮೆ ಅಂದರೂ 1/500 ಸೆಕೆಂಡ್ ಬೇಕು. ನನ್ನ ಫೋಟೋಗಳಲ್ಲಿ ಇದ್ದದ್ದು 1/60.

ಶಟರ್ ಸ್ಪೀಡ್ ಜಾಸ್ತಿ ಮಾಡಿದರೆ ಫೋಟೋ ಕಪ್ಪಾಗುತ್ತದೆ. ಐಎಸ್ಒ, ಅಂದರೆ ಫೋಟೋ ಬೆಳ್ಳಗೆ ಮಾಡಲು ಕ್ಯಾಮೆರಾದಲ್ಲಿ ಏರಿಸುವ ಸಂಖ್ಯೆ, ಆಗಲೇ 3200ರಲ್ಲಿತ್ತು. 700ಡಿಯಲ್ಲಿ ಅದಕ್ಕಿಂತ ಮೇಲೆ ಹೋದರೆ ಮುಖದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕಿ. ಇನ್ನು ಉಳಿದದ್ದು ಲೆನ್ಸಿನ ಬಾಯಿ. ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಜೂಮ್ ಪೂರ್ತಿ ಎಳೆದರೆ ಆ ಲೆನ್ಸ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/2 ತೆರೆಯುವ ಲೆನ್ಸಿನಲ್ಲಿ ಅದರ ಎಂಟು ಪಟ್ಟು ಬೆಳಕು ಒಳಗೆ ಬರುತ್ತದೆ. ಅಂದರೆ ಅದೇ ಲೈಟು, ಅದೇ ಐಎಸ್ಒ, ಆದರೆ 1/60 ಇದ್ದಲ್ಲಿ 1/500. ಲೆನ್ಸಿನ ಮೇಲೆ ಎರಡನ್ನೂ ಬರೆದಿತ್ತು. ನಾನು 300 ನೋಡಿದೆ, ಪಕ್ಕದ 5.6 ನೋಡಲಿಲ್ಲ.

ಆ ಹುಡುಗ ಮೂರು ತಿಂಗಳಲ್ಲಿ ದುಬೈಗೆ ಹೋದ. ಹೋಗುವ ಮುಂಚೆ ಎರಡು ಸಲ ಕೇಳಿದ, "ಅಣ್ಣಾ, ಆ ರೈಡಿನದ್ದು ಒಂದಾದರೂ ಸಿಕ್ಕಿತಾ?" ಅಂತ.

ಆಮೇಲೆ ಕ್ಯಾನನ್ 50 ಎಂಎಂ ಎಫ್/1.8 ತಗೊಂಡೆ. ಹೊಸದಕ್ಕೇ ಆ ಜೂಮಿನ ಅರ್ಧದಷ್ಟು ಬೆಲೆ. ಜೂಮ್ ಇಲ್ಲದೆ ಹೇಗೆ ಅಂತ ನಿಮಗೆ ಅನ್ನಿಸಬಹುದು. ಗಂಡಸರ ಕಬಡ್ಡಿ ಅಂಕಣ ಇರುವುದೇ 13 ಮೀಟರ್ ಉದ್ದ, 10 ಮೀಟರ್ ಅಗಲ. ಮೂಲೆಯಲ್ಲಿ ಮೊಣಕಾಲೂರಿ ಕೂತರೆ ನಡುಗೆರೆ ಏಳೆಂಟು ಮೀಟರ್ ದೂರ. ಅಲ್ಲಿಂದ 50ರಲ್ಲಿ ರೈಡರೂ ಅವನನ್ನು ಹಿಡಿದವರೂ ಒಟ್ಟಿಗೆ ಸಿಗುತ್ತಾರೆ. 300ರಲ್ಲಿ ಅರ್ಧ ಮೀಟರ್ ಅಗಲ ಕಾಣುತ್ತದೆ, ಅಷ್ಟೇ. ರೈಡರಿನ ತಂಡದ ಕಡೆಯ ಮೂಲೆಯಲ್ಲೇ ಕೂತುಕೊಳ್ಳಿ. ಎಳೆದುಕೊಂಡು ವಾಪಸ್ ಬರುವಾಗ ಅವನ ಮುಖ ನಿಮ್ಮ ಕಡೆಗಿರುತ್ತದೆ. ವಾಲಿಬಾಲಿಗೆ 85 ಎಂಎಂ ಎಫ್/1.8 ಒಳ್ಳೆಯದು, ಅದನ್ನು ಆಮೇಲೆ ನೋಡಿದರಾಯಿತು. ಹಗಲಿನ ಫುಟ್ಬಾಲ್ ಮಾತ್ರ ತೆಗೆಯುವವರಾದರೆ ಜೂಮ್ ತಗೊಳ್ಳಿ, ಬಿಸಿಲಲ್ಲಿ 5.6 ಧಾರಾಳ ಸಾಕು. ನೀವು ಹೇಳಿದ್ದು ರಾತ್ರಿ ಪಂದ್ಯಾಟ.

ಬಾಡಿ ಹೊಸದು ಯಾಕೆ? ಸೆಕೆಂಡ್ ಹ್ಯಾಂಡ್ ಕ್ಯಾನನ್ 70ಡಿ ಹುಡುಕಿ. ಸೆಕೆಂಡಿಗೆ 7 ಫೋಟೋ ತೆಗೆಯುತ್ತದೆ. ದುಡ್ಡು ಹೊಂದಿದರೆ 80ಡಿ ಇನ್ನೂ ಒಳ್ಳೆಯದು, ಅದರಲ್ಲಿ ಆ್ಯಂಟಿ ಫ್ಲಿಕರ್, ಅಂದರೆ ಲೈಟಿನ ಮಿಣುಕಿಗೆ ಹೊಂದಿಸಿ ಕ್ಲಿಕ್ ಮಾಡುವ ಸೌಲಭ್ಯ ಇದೆ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಫ್ಲಡ್‌ಲೈಟುಗಳು ಹೆಚ್ಚಾಗಿ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/500ರಲ್ಲಿ ಒಂದು ಫೋಟೋ ಬೆಳ್ಳಗೆ, ಮುಂದಿನದ್ದು ಹಳದಿಯಾಗಿ ಮಬ್ಬು. ಆ ಸೌಲಭ್ಯ ಇಲ್ಲದಿದ್ದರೆ ಸಾಲಾಗಿ ನಾಲ್ಕೈದು ತೆಗೆದು ಒಳ್ಳೆಯದನ್ನು ಇಟ್ಟುಕೊಳ್ಳಿ, ನಾನು ಈಗಲೂ ಹಾಗೇ ಮಾಡುವುದು. ನಿಕಾನ್ ನೋಡುವುದಾದರೆ ಒಂದು ಮಾತು: ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ತನ್ನದೇ ಮೋಟರ್ ಇಲ್ಲದ ಹಳೆಯ 50 ಎಂಎಂ 1.8ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಕಬಡ್ಡಿಯಲ್ಲಿ ಅದು ಆಗುವ ಕೆಲಸವಲ್ಲ.

ಹಳೆ ಲೆನ್ಸ್ ತಗೊಳ್ಳುವಾಗ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ನಮ್ಮ ಕಡೆಯ ಮಳೆಗಾಲಕ್ಕೆ ಒಳಗೆ ಬೂಸ್ಟು ಹಿಡಿದಿರುತ್ತದೆ, ಜೇಡರ ಬಲೆಯ ಎಳೆಯ ಹಾಗೆ. ಅಂಥದ್ದು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ತಂದ ಮೇಲೆ ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬಿಯಲ್ಲಿ ಇಡಿ.

ಕ್ಯಾನನ್ ಬಾಡಿ ಸಿಕ್ಕಿ ಲೆನ್ಸ್ ಇನ್ನೂ ಸಿಗದಿದ್ದರೆ ಬದಿಯಡ್ಕಕ್ಕೆ ಬನ್ನಿ. ಒಂದು ಪಂದ್ಯಾಟಕ್ಕೆ ನನ್ನ 50 ಎಂಎಂ ಕೊಡುತ್ತೇನೆ, ಅದರಲ್ಲಿ ತೆಗೆದು ನೋಡಿಯೇ ದುಡ್ಡು ಹಾಕಿ.